ಆ ಮದ್ದು ಕೊಟ್ಟವಳು ನಾನು

ಕಾರ್ಕಳ
೨೧ ಮಾರ್ಚ್ ೧೯೮೩

ಪ್ರೀತಿಯ ರತ್ನಾವತಿ,

ಕಾಪುವಿನಲ್ಲಿ ನಿನ್ನ ಅಮ್ಮ, ತಮ್ಮಂದಿರು ಸೌಖ್ಯವೆಂದು ನಂಬಿದ್ದೇನೆ. ಈ ಪತ್ರವನ್ನು ಒಬ್ಬಳೇ ಕೂತು ಓದು. ಓದಿದ ಮೇಲೆ ನನ್ನನ್ನು ಗೆಳತಿ ಎನ್ನುವುದೋ ಬೇಡವೋ, ನೀನೇ ತೀರ್ಮಾನಿಸು.

ಬನ್ನಂಜೆಯ ಬಾಡಿಗೆ ಕೋಣೆಯಲ್ಲಿ ಒಂದೇ ಪಾತ್ರೆಯ ಗಂಜಿ ಉಂಡು ಮೂರು ವರ್ಷ ನರ್ಸಿಂಗ್ ಕಲಿತೆವು. ನಿನಗೆ ಒಮ್ಮೆ ಓದಿದರೆ ಸಾಕಿತ್ತು. ನಾನು ಹತ್ತು ಸಲ ಓದಿಯೂ ಮರೆಯುತ್ತಿದ್ದೆ. ಕೊನೆಗೆ ನೀನು ಪಾಸು, ನಾನು ಫೇಲು. ಆ ದಿನ ನಿನ್ನ ಅಮ್ಮ ಬುಟ್ಟಿಯಲ್ಲಿ ಅಂಜಲ್ ಮೀನು ಹೊತ್ತು ತಂದು ನಮಗೆಲ್ಲ ಹುರಿದು ಬಡಿಸಿದರು. ನಾನು ಒಂದೇ ತುಂಡು ಬಾಯಿಗಿಟ್ಟೆ. ಮುಳ್ಳು ಸಿಕ್ಕಿತೆಂದು ಸುಳ್ಳು ಹೇಳಿ ಎದ್ದುಬಿಟ್ಟೆ.

ಮರುವರ್ಷವೂ ಫೇಲಾದೆ. ಮಣಿಪಾಲದ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕೆ ಸೇರಿ, ಊರಲ್ಲಿ ನರ್ಸ್ ಎಂದು ಹೇಳಿಕೊಂಡೆ. ಇಗರ್ಜಿಯಲ್ಲಿ ನೆರೆಮನೆಯ ಪ್ಯಾಟ್ರಿಶಿಯಾ ಬಾಯಿ, "ಬರ್ತಾ, ನಿನ್ನ ಬಿಳಿ ಟೊಪ್ಪಿ ಎಲ್ಲಿ ಉಂಟು?" ಎಂದು ಎಲ್ಲರೆದುರು ಕೇಳಿದ ಮೇಲೆ ಭಾನುವಾರದ ಪೂಜೆಗೂ ಹೋಗುವುದನ್ನು ಬಿಟ್ಟೆ.

ಜನವರಿಯಲ್ಲಿ ನೀನು ನಮ್ಮಲ್ಲಿಗೇ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದೆ. ನೀನು ಹೇಳುವುದು, ನಾನು ನೆಲ ಒರೆಸುವುದು! ಅದನ್ನು ನೆನೆದರೇ ಹೊಟ್ಟೆ ಉರಿಯುತ್ತಿತ್ತು. ಮೇಟ್ರನ್ ಒಲಿಂಡಾ ಬಾಯಿ ನನ್ನನ್ನು ಕರೆದು, "ಇವಳು ನಿನ್ನ ಕೋಣೆಯವಳಲ್ವಾ? ಹೇಗೆ?" ಎಂದು ಕೇಳಿದರು.

"ಒಳ್ಳೆಯವಳೇ. ಆದರೆ ಮದ್ದು ಕೊಡುವಾಗ ಗಮನ ಇಲ್ಲ. ಒಬ್ಬರ ಮದ್ದು ಇನ್ನೊಬ್ಬರಿಗೆ ಕೊಟ್ಟದ್ದು ಉಂಟು" ಎಂದೆ.

ರತ್ನಾ, ಟ್ರೈನಿಂಗಿನಲ್ಲಿ ತಪ್ಪು ಮದ್ದು ಕೊಟ್ಟವಳು ನಾನು. ವಾರ್ಡಿನ ಆ ಅಜ್ಜಿ ನುಂಗುವ ಮೊದಲೇ ಗುಳಿಗೆ ಕಸಿದುಕೊಂಡವಳು ನೀನು. ಇಂದಿಗೂ ಒಬ್ಬರಲ್ಲೂ ಬಾಯಿ ಬಿಟ್ಟಿಲ್ಲ ನೀನು.

ಕೆಲಸ ಸಿಗಲಿಲ್ಲವೆಂದು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹೆಗಲಿಗೆ ಒರಗಿ ಅತ್ತೆಯಲ್ಲ, ನಾನು ನಿನ್ನ ಬೆನ್ನು ಸವರುತ್ತಾ ಒಳಗೊಳಗೇ ಸಂತೋಷಪಟ್ಟೆ. ಆದರೆ ಕಾರ್ಕಳದ ಬಸ್ಸು ಹಿರಿಯಡ್ಕ ದಾಟುವಷ್ಟರಲ್ಲಿ ಆ ಸಂತೋಷ ಹುಳಿಯಾಯಿತು. ಅದುವರೆಗೆ ನಾನು ಪರೀಕ್ಷೆಯಲ್ಲಿ ಮಾತ್ರ ಫೇಲಾಗಿದ್ದೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತು. ಒಂದು ಶುಕ್ರವಾರ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತೆ. ಜಪ ಬಾಯಿಗೆ ಬರಲಿಲ್ಲ. ಸುಮ್ಮನೆ ಶಿಲುಬೆಯಲ್ಲಿ ತೂಗಿದ ಸ್ವಾಮಿಯನ್ನು ನೋಡಿದೆ. ಊರವರ ಕಣ್ಣಿಗೆ ಅವನೂ ಸೋತವನೇ ಅಲ್ವಾ ಅನ್ನಿಸಿತು. ಜನ ನಕ್ಕರು, ಜೊತೆಗಿದ್ದವರು ಬಿಟ್ಟು ಓಡಿದರು. ಹಾಗಾದರೆ ಸೋತವಳು ಇವನ ಮುಂದೆ ಟೊಪ್ಪಿ ಇಟ್ಟುಕೊಂಡು ಬರಬೇಕಾಗಿಲ್ಲ. ಎಷ್ಟೋ ತಿಂಗಳ ಮೇಲೆ ಅತ್ತೆ. ಪಾಪನಿವೇದನೆಗೆ ಹೋದೆ.

ಎಲ್ಲ ಕೇಳಿದ ಪಾದ್ರಿಗಳು, "ದೇವರು ನಿನ್ನ ಮಾರ್ಕು ನೋಡಿ ಪ್ರೀತಿಸುವವನಲ್ಲ ಮಗಾ. ಕ್ಷಮೆ ಉಂಟು. ಆದರೆ ಸುಳ್ಳು ಹೇಳಿದ ಬಾಯಿಯೇ ಹೋಗಿ ನಿಜ ಹೇಳಬೇಕು" ಎಂದರು.

ಮೊನ್ನೆ ಶನಿವಾರ ಒಲಿಂಡಾ ಬಾಯಿಗೆ ನಿಜ ಹೇಳಿದೆ. ಅವರು ನಿನ್ನ ಅರ್ಜಿಯನ್ನು ಹುಡುಕಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನಿನ್ನನ್ನು ಎಂತ ಮಾಡುವುದೆಂದು ಡಾಕ್ಟರರು ಹೇಳಲಿ" ಎಂದರು. ಕೆಲಸ ಹೋಗಬಹುದು. ಹೆದರಿಕೆ ಉಂಟು, ಆದರೆ ನಿನ್ನೆ ಪೂಜೆಗೆ ಹೋದೆ. ಪ್ಯಾಟ್ರಿಶಿಯಾ ಬಾಯಿಗೆ ನಾನಾಗಿಯೇ, "ನಾನು ಆಯಾ" ಎಂದೆ.

ಕ್ಷಮಿಸೆಂದು ಕೇಳುತ್ತೇನೆ, ಕ್ಷಮಿಸಲೇಬೇಕೆಂದು ಅಲ್ಲ.

ನಿನ್ನ ಹೆಗಲಿಗೆ ಹೆಗಲು ಕೊಡಲಾಗದವಳು,
ಬರ್ತಾ

ತಾ.ಕ.: ಇದರೊಳಗೆ ಇನ್ನೊಂದು ಲಕೋಟೆ ಉಂಟು. ಒಂದನೇ ತಾರೀಕಿಗೆ ಕೆಲಸಕ್ಕೆ ಬಾ ಎಂದು ಒಲಿಂಡಾ ಬಾಯಿ ನಿನಗೆ ಬರೆದದ್ದು. ಶನಿವಾರವೇ ಅಂಚೆಗೆ ಹಾಕಲು ನನ್ನ ಕೈಯಲ್ಲೇ ಕೊಟ್ಟಿದ್ದರು. ಎರಡು ದಿನ ನನ್ನ ಚೀಲದಲ್ಲೇ ಇಟ್ಟುಕೊಂಡೆ. ಪಾಪನಿವೇದನೆ ಆದ ಮೇಲೂ, ರತ್ನಾ.