ಲಿಫ್ಟಿನೊಳಗಿನ ದನಿ

ನವೆಂಬರ್ ೧೨, ಬುಧವಾರ

ಆ ಹೆಂಗಸಿನ ಮಾತು ತಲೆಯಿಂದ ಹೋಗುತ್ತಿಲ್ಲ.

ಈ ಕಟ್ಟಡದ ಲಿಫ್ಟ್‌ಗಳ ತುರ್ತು ಕರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಿಕ್ಕಿಕೊಂಡವರು ದೇವರನ್ನು ಕರೆಯುವುದು ನನ್ನ ಸ್ಪೀಕರಿನಲ್ಲಿ ಕೇಳುತ್ತಿತ್ತು. ಈಗ ಗುಂಡಿ ಒತ್ತಿ, ಮೆಕ್ಯಾನಿಕ್ ಬಂದೇ ಬರುತ್ತಾನೆಂದು ಸುಮ್ಮನೆ ಕಾಯುತ್ತಾರೆ. ನಾನೂ ದೇವರ ಜತೆ ಜಗಳವಾಡಿ ದೂರವಾದವನಲ್ಲ. ಕರೆಯುವ ಪ್ರಸಂಗ ಬರಲಿಲ್ಲ, ಅಷ್ಟೆ.

ಮಧ್ಯಾಹ್ನ ಆಕೆ ಒಬ್ಬಳೇ ಸಿಕ್ಕಿಕೊಂಡಳು. ನಾನು "ಹಲೋ" ಅನ್ನುವಷ್ಟರಲ್ಲಿ ಲೈನ್ ಸತ್ತುಹೋಯಿತು. ಮೆಕ್ಯಾನಿಕ್ ಬಾಗಿಲು ತೆಗೆದ ಮೇಲೆ ನೇರ ನನ್ನ ಕೋಣೆಗೆ ಬಂದಳು.

"ನಂಗೆ ದೇವ್ರು ಗೀವ್ರು ನಂಬಿಕೆ ಇಲ್ಲ ಸಾರ್. ನೀವು ಕೊನೇವರ್ಗೂ ಮಾತಾಡ್ತಾ ಇದ್ರಲ್ಲ, ಅದ್ರಿಂದ್ಲೇ ಧೈರ್ಯ ಬಂತು."

"ಏನಂದೆ ನಾನು?"

"'ಹೆದರ್ಬೇಡ ಕೂಸೇ, ನಾನಿಲ್ಲೇ ಇದೀನಿ' ಅಂತ."

ಲೈನ್ ಸತ್ತಿತ್ತೆಂದು ಹೇಳದೆ, ನೀರು ಕೊಟ್ಟು ಕಳಿಸಿದೆ.

ಚಿಕ್ಕಂದಿನಲ್ಲಿ ರಾತ್ರಿ ಮಲಗಿಸುವಾಗ ಅಜ್ಜಿ ನನಗೆ ಅದೇ ಮಾತು ಹೇಳಿ ದೀಪ ಆರಿಸುತ್ತಿದ್ದಳು. ಈಗ ಮಲಗುವ ಹೊತ್ತಾದರೂ ದೀಪ ಆರಿಸಲು ಕೈ ಏಳುತ್ತಿಲ್ಲ.