ಮಂಟಿಗುಡ್ಡದ ದಾರಿ, ದೀಪಾವಳಿಯವರೆಗೆ

೧೧ ಜೂನ್ ೨೦೦೭, ಸೋಮವಾರ

ಇವತ್ತೂ ಐದನೆಯ ತಿರುವೇ. ಏಳು ಕೊಡ ನೀರು ಹೊತ್ತು ಮೇಲಿಂದ ಸುರಿದೆ. ಕೂತು ನೋಡಿದೆ. ನೀರು ಅಡ್ಡಕ್ಕೆ ಹಾಯ್ದು ಇಳಿಜಾರಿಗೆ ಬಿದ್ದರೆ ದಾರಿ ಉಳಿಯುತ್ತದೆ. ದಾರಿಯನ್ನೇ ಹಿಡಿದು ಓಡಿದರೆ ಒಂದು ಮಳೆಗಾಲಕ್ಕೇ ಕೊರಕಲು. ಓಡಿತು. ಮತ್ತೆ ಗುದ್ದಲಿ. ಹೊರ ಅಂಚನ್ನು ಎರಡು ಬೆರಳಷ್ಟು ತಗ್ಗಿಸಿದೆ. ಮತ್ತೆ ಕೊಡ...

ಗಾರ್ಡ್ ರಂಗಸ್ವಾಮಣ್ಣ ಬಂಡೆ ಮೇಲೆ ಕೂತು ನೋಡುತ್ತಿದ್ದ. "ಸ್ಕೂಲಲ್ಲಿ ಇಷ್ಟೊತ್ತು ಒಂದ್ ಕಡೆ ಕುಂತಿದ್ರೆ ಇವತ್ತು ನಂಗೇ ಸಾಹೇಬ್ರಾಗಿ ಬತ್ತಿದ್ದೆ ಕಣ್ಲಾ" ಅಂದ. ನಿಜ. ಹತ್ತನೇ ಕ್ಲಾಸಿನಲ್ಲಿ ಬೆಂಚು ಬಿಟ್ಟು ಎದ್ದು ಬಂದವನು. ಇವತ್ತು ನೀರು ನೋಡುತ್ತ ಮೂರು ಗಂಟೆ ಕೂತಿದ್ದೆ.

ಹಳ್ಳಿಮೈಸೂರಿನ ಆಚೆಯ ಈ ಗುಡ್ಡಕ್ಕೆ ಅರಣ್ಯ ಇಲಾಖೆ ಬೇಲಿ ಹಾಕಿ ಪಾರ್ಕ್ ಅಂತ ಬೋರ್ಡ್ ಬರೆಸಿದೆ. ಸೈಕಲ್ ದಾರಿ ಬೇಕು ಅಂದದ್ದು ರೇಂಜರ್. ಆಡು ಹೋದ ಜಾಡು ನೋಡಿ ಗುರುತು ಹಾಕಿದ್ದು ನಾನು. ಎರಡೂವರೆ ಕಿಲೋಮೀಟರ್, ಒಂಬತ್ತು ತಿರುವು. ಡಿಸೆಂಬರಿನಲ್ಲಿ ರೇಸ್. ಗೆದ್ದವನನ್ನು ಮೈಸೂರಿನ ಕ್ಲಬ್ಬಿನವರು ತಮ್ಮ ಟೀಮಿಗೆ ಸೇರಿಸಿಕೊಳ್ಳುತ್ತಾರಂತೆ.

ಅದು ನನಗೆ ಬೇಕು. ಬೇರೆ ಯಾವುದರಲ್ಲೂ ನಾನು ಮುಂದಿಲ್ಲ.

೮ ಜುಲೈ, ಭಾನುವಾರ

ಕೊನೆಯ ಸವಾರಿ. ನಾಳೆಯಿಂದ ಗೇಟಿಗೆ ಸರಪಳಿ. ಹಸಿ ಮಣ್ಣಿನಲ್ಲಿ ಚಕ್ರ ಇಳಿದರೆ ಅದೇ ನೀರಿಗೆ ಕಾಲುವೆಯಾಗುತ್ತದೆ. ಹಾಗಾಗಿ ದೀಪಾವಳಿ ಕಳೆಯುವವರೆಗೆ ಬಂದ್ ಮಾಡಿ ಅಂತ ರೇಂಜರಿಗೆ ಹೇಳಿದವನೂ ನಾನೇ.

ಕೇದಾರನೂ ಬಂದಿದ್ದ. ಹೊಳೆನರಸೀಪುರದವನು, ಮೇಷ್ಟರ ಮಗ, ಹಾಸನದಲ್ಲಿ ಇಂಜಿನಿಯರಿಂಗ್. ಎರಡು ವರ್ಷದ ಹಿಂದೆ ಒಂದು ಸೈಕಲ್ ಜಾಥಾದಲ್ಲಿ ಸಿಕ್ಕವನು. ಈ ಕಡೆ ಕೆಲಸ ಇದ್ದಾಗೆಲ್ಲ ಅವರ ಮನೆಯಲ್ಲೇ ನನ್ನ ಊಟ, ನಿದ್ದೆ. ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕ್ ಹಿಡಿಯುತ್ತಾನೆ. ಹೇಳಿದರೆ, "ನನಗೆ ಹಲ್ಲು ಬೇಕು ಕಣೋ, ಕ್ಯಾಂಪಸ್ ಇಂಟರ್‌ವ್ಯೂ ಇದೆ" ಅನ್ನುತ್ತಾನೆ.

೨೮ ಜುಲೈ, ಶನಿವಾರ. ಸಂಜೆ

ಬೆಳಗೊಳದಲ್ಲಿ ಇವತ್ತು ಮುನಿಗಳ ಚಾತುರ್ಮಾಸ ಶುರು. ನಮ್ಮ ಜಿನನಾಥಪುರದಿಂದ ಎಲ್ಲರೂ ನಡೆದೇ ಹೋದೆವು. ನಾಲ್ಕು ತಿಂಗಳು ಅವರು ಊರು ಬಿಡುವುದಿಲ್ಲ. ಮಳೆಗೆ ನೆಲದಲ್ಲಿ ಹುಳ ಹುಪ್ಪಟೆ ಎದ್ದಿರುತ್ತವೆ, ತುಳಿಯಬಾರದು. ಸಂಸಾರಸ್ಥರು ಅವರ ಮುಂದೆ ಒಂದೊಂದು ನಿಯಮ ಹಿಡಿಯುತ್ತಾರೆ.

ಮರುದೇವಜ್ಜಿ ಉಪ್ಪು ಬಿಟ್ಟಳು. ಅಪ್ಪ ಅಂಗಡಿ ಮುಚ್ಚಿದ ಮೇಲಿನ ಊಟ ಬಿಟ್ಟರು. ತಂಗಿ ಸಿದ್ಧಿ ಟೀವಿ. ಅಜ್ಜಿ ನನ್ನ ಬೆನ್ನು ತಿವಿದಳು. ಏನು ಬಿಡಲಿ... ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕದ್ದು ತಿನ್ನುವ ಆಲೂಗಡ್ಡೆ ಬೋಂಡ ನೆನಪಾಯಿತು, ನಮ್ಮ ಮನೆಯಲ್ಲಿ ಗೆಡ್ಡೆ ನಿಷಿದ್ಧ. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಬಾಯಿಗೆ ಬಂದದ್ದು ಹೇಳಿದೆ. ದೀಪಾವಳಿಯವರೆಗೆ ನಮ್ಮ ತಾಲೂಕು ದಾಟುವುದಿಲ್ಲ.

ಮುನಿಗಳು ನಕ್ಕರು. ಇದಕ್ಕೆ ದೇಶವ್ರತ ಅನ್ನುತ್ತಾರೆ, ಇಷ್ಟು ಚಿಕ್ಕ ವಯಸ್ಸಿನವರು ಇದನ್ನು ಕೇಳುವುದು ಕಡಿಮೆ ಅಂದರು. ಮನಸ್ಸಿನಿಂದಲೋ ಅಂತ ಕೇಳಿದರು. ತಲೆಯಾಡಿಸಿದೆ. ಅಜ್ಜಿ ಕಣ್ಣೊರೆಸಿಕೊಂಡಳು. ಒಂದು ಕಡೆ ಕೂರದ ಮೊಮ್ಮಗ ಕಾಲು ಕಟ್ಟಿಕೊಂಡನಲ್ಲ ಅಂತ.

ಇಲ್ಲಿ ಬರೆದಿಡುತ್ತೇನೆ. ಗುಡ್ಡ ಇರುವುದು ಪಕ್ಕದ ತಾಲೂಕಿನಲ್ಲಿ, ಅದರ ಗೇಟು ಹೇಗೂ ಬಂದ್. ರೇಸ್ ಇರುವುದು ಡಿಸೆಂಬರಿನಲ್ಲಿ. ನಾನು ಬಿಟ್ಟದ್ದು ಏನೂ ಇಲ್ಲ.

೧೯ ಆಗಸ್ಟ್, ಭಾನುವಾರ

ಇಪ್ಪತ್ತೆರಡು ದಿನ. ತಾಲೂಕಿನ ಎಲ್ಲ ರಸ್ತೆ ಮುಗಿಯಿತು. ಇವತ್ತು ಹೊಳೆನರಸೀಪುರದ ದಿಕ್ಕಿನ ಸ್ವಾಗತ ಬೋರ್ಡಿನವರೆಗೆ ಹೋದೆ. ಒಂದು ಕಾಲು ನೆಲಕ್ಕೂರಿ ನಿಂತೆ. ಈಚೆಯೂ ರಾಗಿ, ಆಚೆಯೂ ರಾಗಿ. ಒಂದು ನಾಯಿ ಆಚೆಯಿಂದ ಬಂತು, ಮೂಸಿತು, ವಾಪಸ್ ಹೋಯಿತು. ನಾನೂ ತಿರುಗಿಸಿದೆ.

೯ ಸೆಪ್ಟೆಂಬರ್, ಭಾನುವಾರ

ಕೇದಾರ ಬಸ್ಸಿನಲ್ಲಿ ಮನೆಗೇ ಬಂದ. ರೇಸ್ ಡಿಸೆಂಬರಿನಲ್ಲಿ ಅಲ್ಲ. ಅಕ್ಟೋಬರ್ ಏಳು. ವನ್ಯಜೀವಿ ಸಪ್ತಾಹಕ್ಕೆ ಕಾರ್ಯಕ್ರಮ ತೋರಿಸಬೇಕಂತೆ, ಮೇಲಿನಿಂದ ಆರ್ಡರ್ ಬಂದಿದೆ. ದೀಪಾವಳಿ ಇರುವುದು ನವೆಂಬರಿನಲ್ಲಿ.

ನಿಯಮದ ವಿಷಯ ಹೇಳಿದೆ. ಅವನು ವಾದಕ್ಕಿಳಿದ. ಡಿಸೆಂಬರ್ ಅಂದುಕೊಂಡು ಹೇಳಿದ ಮಾತು ಅದು, ಅಂದುಕೊಂಡದ್ದೇ ತಪ್ಪಾದ ಮೇಲೆ ಮಾತೂ ಬಿದ್ದುಹೋಯಿತು. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ.

"ನಂಗೆ ಗೊತ್ತಾಗುತ್ತೆ" ಅಂದೆ.

"ನೀನು ಮನೇಲೇ ಕೂತ್ರೆ ಫಸ್ಟ್ ಬರೋದು ನಾನು ಕಣೋ. ಆದ್ರೂ ಕರೀತಿದೀನಿ. ಅರ್ಥ ಮಾಡ್ಕೋ."

ಸಿದ್ಧಿ ಒಳಗಿಂದ, "ಅಣ್ಣ ಬರಲ್ಲ ಬುಡಿ. ಪಕ್ಕದೂರಿಗೆ ಓಗೋಕೂ ಪಾಸ್‌ಪೋರ್ಟ್ ಬೇಕು ಇವ್ನಿಗೆ" ಅಂದಳು. ಕೇದಾರ ನಗಲಿಲ್ಲ.

೧೪ ಸೆಪ್ಟೆಂಬರ್, ಶುಕ್ರವಾರ

ರೇಸಿನ ದಿನ ಬದಲಾದದ್ದು ಹೇಳಿದರೆ ಅಪ್ಪ ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಹೋಗಿ ಬಾ, ಆಮೇಲೆ ಮುನಿಗಳ ಹತ್ತಿರ ಪ್ರಾಯಶ್ಚಿತ್ತ ಕೇಳಿಕೋ, ಎರಡು ಉಪವಾಸ ಹೇಳುತ್ತಾರೆ, ಮಾಡಿದರೆ ಆಯಿತು ಅಂದರು. ನಾನು ಒಂದು ಕಡೆ ನೆಲೆ ನಿಂತರೆ ಸಾಕು ಅಂತ ಅವರಿಗೆ. ಮೈಸೂರಿನ ಟೀಮಾದರೂ ಸರಿ.

ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನೇ ಹತ್ತಿರ ಕೂತು ನಿಜ ಹೇಳಿಬಿಟ್ಟೆ. ಗೇಟು ಬಂದ್ ಅಂತ ಗೊತ್ತಿದ್ದೇ ಹಿಡಿದದ್ದು, ನನಗೆ ಏನೂ ನಷ್ಟ ಇರಲಿಲ್ಲ ಅಂತ.

ಮೊರ ಕೆಳಗಿಟ್ಟಳು. "ಉಪ್ಪು ಬುಟ್ಟು ಒಂದೂವರೆ ತಿಂಗ್ಳಾಯ್ತು ಕಣಪ್ಪ. ನಾನೇನು ಸಪ್ಪೆ ಇಷ್ಟ ಅಂತ ಬುಟ್ಟೆ ಅನ್ಕಂಡಾ?"

ಮತ್ತೆ ಮೊರ ಎತ್ತಿಕೊಂಡಳು.

೨೩ ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ

ಬೆಳಗೊಳಕ್ಕೆ ಹೋದೆ. ನಮೋಸ್ತು ಅಂದು ಕೂತೆ. ಜನ ಕರಗುವವರೆಗೆ ಕಾದೆ. ಎಲ್ಲ ಹೇಳಿದೆ... ಗೇಟು, ಡಿಸೆಂಬರ್, ಬೋಂಡ ಕೂಡ. ಪ್ರಾಯಶ್ಚಿತ್ತ ಕೇಳಲು ಹೋಗಿರಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡದ್ದು ಸುಳ್ಳಿಗೆ ಆಯಿತಲ್ಲ, ಅದನ್ನು ಎಲ್ಲಾದರೂ ಇಳಿಸಬೇಕಿತ್ತು.

ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ನವಿಲುಗರಿಯ ಪಿಂಛಿಯನ್ನು ತೊಡೆ ಮೇಲೆ ಸರಿಸಿಟ್ಟುಕೊಂಡು ಅಂದರು:

"ಹಾಗಾದರೆ ನೀನು ಇನ್ನೂ ವ್ರತವನ್ನೇ ತೆಗೆದುಕೊಂಡಿಲ್ಲ. ಇಲ್ಲದ್ದನ್ನು ಮುರಿಯುವುದು ಎಲ್ಲಿಂದ ಬಂತು? ಹೋಗು. ಬೇಕೆನಿಸಿದಾಗ ಬಾ."

ಅಷ್ಟೇ. ಬಿಡುಗಡೆ. ಉಪವಾಸವೂ ಇಲ್ಲ. ಹೊರಗೆ ಬಂದು ಸೈಕಲ್ ಹತ್ತಿದೆ. ಕುಣಿಯಬೇಕಿತ್ತು. ಕೆರೆ ಏರಿಯ ಮೇಲೆ ಮೂರು ಸಲ ಆ ತುದಿಯಿಂದ ಈ ತುದಿಗೆ ಹೋಗಿ ಬಂದೆ. ಇಡೀ ಊರು ಬಯ್ದಿದ್ದರೆ ಸುಲಭವಾಗುತ್ತಿತ್ತು.

೪ ಅಕ್ಟೋಬರ್, ಗುರುವಾರ

ಅಂಗಡಿ ಫೋನಿಗೆ ರಂಗಸ್ವಾಮಣ್ಣ. ಗುಡ್ಡದಲ್ಲಿ ಮೂರು ದಿನದಿಂದ ಮಳೆ. "ನಿನ್ ಐದ್ನೇ ತಿರುವು ಕೂತೋಯ್ತು ಕಣ್ಲಾ. ನೀರು ದಾರಿನೇ ಇಡ್ಕಂಡು ಓಯ್ತಾ ಅದೆ. ನಮ್ಮೋರು ಮಣ್ಣು ತುಂಬಿದ್ರೆ ತೊಳ್ಕಂಡೋಯ್ತದೆ." ಮುಂದಕ್ಕೆ ಹಾಕಿ ಅಂದರೆ ರೇಂಜರ್ ಒಪ್ಪುತ್ತಿಲ್ಲವಂತೆ. ಇನ್ವಿಟೇಶನ್ ಹಂಚಿ ಆಗಿದೆ.

ಆ ತಿರುವಿನ ಕೆಳಗೆ ಎರಡಾಳು ಆಳದ ಕಲ್ಲು ಹಳ್ಳ. ಮೂವತ್ತು ಜನ ಹೆಸರು ಕೊಟ್ಟಿದ್ದಾರೆ.

ಬತ್ತೀನಿ ಅಂದೆ. ಅದಕ್ಕೆ ಯೋಚನೆ ಬೇಕಾಗಲಿಲ್ಲ. ಯೋಚನೆ ಆಮೇಲೆ ಶುರುವಾಯಿತು. ಅಲ್ಲಿಗೆ ಹೋದ ಮೇಲೆ ಓಡಿಸದೆ ಬರುತ್ತೇನಾ?

೫ ಅಕ್ಟೋಬರ್, ಶುಕ್ರವಾರ. ಬೆಳಿಗ್ಗೆ ೮

ಮುನಿಗಳ ಹತ್ತಿರ ಹೋಗಿ ಬಂದೆ. ಈ ಸಲ ಯಾರೂ ತಿವಿಯಲಿಲ್ಲ, ಒಬ್ಬನೇ ಕೂತು ಹೊಸದಾಗಿ ನಿಯಮ ಹಿಡಿದೆ. ತಾಲೂಕು ದಾಟುತ್ತೇನೆ. ಆ ತಿರುವನ್ನು ಕೈಯಾರೆ ಕಟ್ಟುತ್ತೇನೆ. ದೀಪಾವಳಿಯವರೆಗೆ ಸೈಕಲ್ ಮಾತ್ರ ಓಡಿಸುವುದಿಲ್ಲ.

ರೇಸ್ ಯಾವತ್ತು ಅಂತ ಕೇಳಿದರು. ನಾಡಿದ್ದು ಅಂದೆ. ಆಮೇಲೆ ಪಿಂಛಿ ಎತ್ತಿ ಹರಸಿದರು.

ಯಾಕೆ ಮಾಡಿದೆ? ಪುಣ್ಯಕ್ಕೆ ಅಂತ ಬರೆದರೆ ಸುಳ್ಳು. ಹಠ ಅಂದರೆ ಅರ್ಧ ನಿಜ. ಒಂದು ಸಲವಾದರೂ ಹೇಳಿದ ಮಾತಿನೊಳಗೆ ಏನಾದರೂ ಇರಲಿ ಅನ್ನಿಸಿತು... ಇಷ್ಟೇ ಗೊತ್ತು.

ಅಜ್ಜಿಗೆ ಹೇಳಿಲ್ಲ. ಹೇಳಿದರೆ ಮತ್ತೆ ಅತ್ತಾಳು. ಆ ಖುಷಿಗೆ ಮಾಡಿದ ಹಾಗಾಗುತ್ತದೆ.

ಸೈಕಲ್ ಬಸ್ಸಿನ ಮೇಲೆ ಹಾಕಿದ್ದೇನೆ. ಕೇದಾರನಿಗೆ ಕೊಡಲು. ಅವನದಕ್ಕಿಂತ ನನ್ನದರ ಬ್ರೇಕ್ ಚೆನ್ನಾಗಿದೆ.

೬ ಅಕ್ಟೋಬರ್, ಶನಿವಾರ

ಕೊರಕಲು ಮೊಣಕಾಲುದ್ದ. ರಂಗಸ್ವಾಮಣ್ಣ, ಕೇದಾರ, ನಾನು. ಕಲ್ಲು ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಗರಸು, ಮತ್ತೆ ಕಲ್ಲು. ಕೊಡದಲ್ಲಿ ನೀರು ತರುವ ಕೆಲಸವಿಲ್ಲ, ಮಳೆಯೇ ಸುರಿಯುತ್ತಿತ್ತು. ನಾಲ್ಕು ಗಂಟೆಗೆ ನೀರು ಅಡ್ಡ ಹಾಯ್ದು ಹೊರಗೆ ಬಿತ್ತು. ಮೂವರೂ ಕೂತು ನೋಡಿದೆವು.

ಓಡಿಸುವುದಿಲ್ಲ ಅಂದಾಗ ಕೇದಾರ ಕೈಯಲ್ಲಿದ್ದ ಕಲ್ಲು ಎಸೆದ. "ನಿಂಗೆ ಹುಚ್ಚು" ಅಂದ. ಸೈಕಲ್ ತೆಗೆದುಕೊಂಡ, ಸೀಟು ಎತ್ತರಿಸಿಕೊಂಡ. ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು.

೭ ಅಕ್ಟೋಬರ್, ಭಾನುವಾರ. ಸಂಜೆ ೫. ಹೊಳೆನರಸೀಪುರ ಬಸ್‌ಸ್ಟ್ಯಾಂಡ್

ಗುಡ್ಡದ ತುದಿಯಿಂದ ಇಳಿದು, ಜೀಪ್ ರಸ್ತೆಯಲ್ಲಿ ಹತ್ತಿ, ಹೀಗೆ ಎರಡು ಸುತ್ತು. ಮುಗಿಯುವುದೂ ತುದಿಯಲ್ಲೇ. ನಾನು ಗುದ್ದಲಿ ಹಿಡಿದು ಐದನೆಯ ತಿರುವಿನಲ್ಲಿ ನಿಂತಿದ್ದೆ. ಮೂವತ್ತು ಜನ, ಎರಡೆರಡು ಸಲ. ಒಬ್ಬನೂ ಬೀಳಲಿಲ್ಲ.

ಗೆದ್ದದ್ದು ಅರಕಲಗೂಡಿನವನು. ಕೇದಾರ ಎರಡನೆಯವನು. ಗೆದ್ದವನಿಗೆ ನಾಲ್ಕರಿಂದ ಆರನೆಯ ತಿರುವಿಗೆ ನಲವತ್ತೊಂದು ಸೆಕೆಂಡ್. ನನ್ನದು ಮೂವತ್ತಾರು. ವಾಚ್ ನೋಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಎಲ್ಲರೂ ಜೀಪು ಹತ್ತಿದರು. ಕೇದಾರ ಸೈಕಲ್ ನನ್ನ ಕೈಗೆ ಕೊಟ್ಟು, ಕೆಳಗೆ ಗೇಟಿನಲ್ಲಿ ಕಾಯುತ್ತೇನೆ ಅಂದ. ನಾನು ದಾರಿಯಲ್ಲೇ ತಳ್ಳಿಕೊಂಡು ಇಳಿದೆ. ಈ ದಾರಿಯನ್ನು ಯಾವತ್ತೂ ಇಷ್ಟು ನಿಧಾನ ಇಳಿದದ್ದಿಲ್ಲ. ಚಕ್ರದ ಗುರುತಿನ ನಡುವೆ ಎರೆಹುಳುಗಳು. ಕೆಲವು ಇನ್ನೂ ಹೊರಳುತ್ತಿದ್ದವು. ಎತ್ತಿ ಪಕ್ಕಕ್ಕೆ ಬಿಟ್ಟೆ. ಪ್ರತಿ ತಿರುವಿನಲ್ಲೂ ಸೈಕಲ್ ಮುಂದಕ್ಕೆ ಎಳೆಯುತ್ತಿತ್ತು.

ಎಂಟನೆಯ ತಿರುವು ದಾಟಿದ ಮೇಲೆ ನೇರ ಇಳಿಜಾರು. ಯಾರೂ ಇರಲಿಲ್ಲ. ಎಡಗಾಲು ಪೆಡಲ್ ಮೇಲೆ ಹೋಯಿತು. ಸೀಟಿನ ಮೇಲೆ ಕೂರಲಿಲ್ಲ. ಒಂದೇ ಕಾಲು. ಇಪ್ಪತ್ತು ಮಾರು ಇರಬಹುದು, ಗಾಳಿ ಕಿವಿಗೆ ಬಂತು, ಆಮೇಲೆ ಇಳಿದೆ.

ಕೂರಲಿಲ್ಲವಲ್ಲ, ಅದು ಓಡಿಸಿದ್ದಲ್ಲ ಅಂತ ಗೇಟಿನವರೆಗೂ ಹೇಳಿಕೊಂಡು ಬಂದೆ. ಕೇದಾರನಿಗೆ ಹೇಳಿದರೆ ಅವನೂ ಅದನ್ನೇ ಅನ್ನುತ್ತಿದ್ದ. ಅದಕ್ಕೇ ಹೇಳಲಿಲ್ಲ.

ಮೂವತ್ತು ಮಾರು. ಇಪ್ಪತ್ತಲ್ಲ.

ಬಸ್ ಬಂತು. ಬೆಳಿಗ್ಗೆ ಮೊದಲು ಬೆಳಗೊಳಕ್ಕೆ ಹೋಗಬೇಕು, ನಡೆದೇ. ಮುನಿಗಳ ಮುಂದೆ ಕೂತು, ಕಾಲು ತಾನಾಗಿ ಹೋಯಿತು ಅನ್ನಬಾರದು. ನಾನೇ ಇಟ್ಟೆ ಅನ್ನಬೇಕು.