ಪುಸ್ತಕದ ಬೆನ್ನಿನಲ್ಲಿದ್ದ ನಂಬರು

ಮನೆಯಿಂದ,
ಹದಿನೆಂಟನೇ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ಮೊಣಕಾಲಿನ ಊತ ಇಳಿಯಿತೇ? ಎಂಜಿನ್ನಿನ ಏಣಿ ಹತ್ತಿ ಇಳಿದು ಬಂದ ಊತ ಎಂದು ನೀನು ನಗುತ್ತಾ ಹೇಳಿದ್ದೆ, ನನಗೆ ನಗು ಬರಲಿಲ್ಲ. ಬಿಸಿನೀರಿನ ಶಾಖ ಕೊಡು. ನಾಳೆ ಕೊಟ್ಟರಾಯಿತು ಎನ್ನುವ ಜಾತಿ ನೀನು, ಅದಕ್ಕೇ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀರಿನಲ್ಲಿ ನಿಂತು ನಿಂತು ನಿಮ್ಮಪ್ಪನಿಗೆ ಕೆಮ್ಮು ಹಿಡಿದಿತ್ತು, ಈಗ ಪರವಾಗಿಲ್ಲ. ನನಗೇನೂ ಆಗಿಲ್ಲ. ಆಗುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು?

ಈ ಕಾಗದ ಓದುವ ಮೊದಲು ಇದರ ಜೊತೆಗಿರುವ ಪ್ಲಾಸ್ಟಿಕ್ ಕವರು ಬಿಚ್ಚಿ ನೋಡು. ಅದರಲ್ಲಿರುವುದು ನಿನ್ನ ಜನನ ಪ್ರಮಾಣಪತ್ರ. ಮೇಲೆ ಬಲಗಡೆ ನಂಬರು, ಕೆಳಗೆ ಸಹಿ, ಸಹಿಯ ಪಕ್ಕದಲ್ಲಿ ಮೊಹರು, ಎಲ್ಲವೂ ಇದ್ದ ಜಾಗದಲ್ಲೇ ಇವೆ. ನಾನು ನಾಲ್ಕು ಸಲ ನೋಡಿದ್ದೇನೆ, ನೀನೂ ಒಂದು ಸಲ ನೋಡಿಕೋ. ಇಪ್ಪತ್ತೈದರೊಳಗೆ ಕೊಡದಿದ್ದರೆ ಈಗ ತಾತ್ಕಾಲಿಕವಾಗಿ ಸೇರಿಸಿಕೊಂಡಿರುವ, ರೈಲು ಓಡಿಸುವ ನಿನ್ನ ತರಬೇತಿಯ ಜಾಗ ಪಟ್ಟಿಯಲ್ಲಿ ನಿನ್ನ ಹಿಂದಿರುವವರಿಗೆ ಹೋಗುತ್ತದೆ ಅಂದಿದ್ದರಲ್ಲ. ಇನ್ನೂ ಏಳು ದಿನ ಇದೆ, ರಿಜಿಸ್ಟರ್ ಅಂಚೆಗೆ ನಾಲ್ಕು ದಿನ ಸಾಕಂತೆ. ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಗಿದೆ. ನಿನ್ನೆ ರಾತ್ರಿ ಮಲಗಿದವಳು ಬೆಳಿಗ್ಗೆ ಹಾಲಿನವನು ಗಂಟೆ ಹೊಡೆದಾಗಲೇ ಎದ್ದದ್ದು.

ಫೋನಿನಲ್ಲಿ ‘ಸಿಕ್ಕಿತು’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನಿಮ್ಮಪ್ಪ ಪಕ್ಕದಲ್ಲೇ ಕೂತು ಗೋಡೆ ನೋಡುತ್ತಿದ್ದರು, ಅವರೆದುರು ಅವರ ಕಥೆ ಹೇಳುವುದು ಹೇಗೆ? ಈಗ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಸಹಿಸಿಕೋ. ಮೊದಲಿನಿಂದ ಹೇಳದಿದ್ದರೆ ನನಗೆ ಏನನ್ನೂ ಹೇಳಲು ಬರುವುದಿಲ್ಲ.

ಆರು ವರ್ಷದ ಹಿಂದೆ ನಮ್ಮ ಮನೆಯ ಕಾಗದಪತ್ರಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಮನೆಯ ಪತ್ರ, ನಮ್ಮ ಮದುವೆಯ ಪ್ರಮಾಣಪತ್ರ, ಅಪ್ಪನ ಶಾಲೆಯ ಸರ್ಟಿಫಿಕೇಟು, ನಿನ್ನ ಜನನದ್ದು, ಒಂದೊಂದೂ ಒಂದೊಂದು ಅಳತೆ, ಒಂದೊಂದು ಮಡಿಕೆ. ಬೇರೆ ಯಾರಾದರೂ ಆಗಿದ್ದರೆ ಒಂದು ಫೈಲು ತಂದು ಹಾಕಿಡುತ್ತಿದ್ದರು. ಆದರೆ ನಿಮ್ಮಪ್ಪ ಬೈಂಡರ್ ಅಲ್ಲವೇ, ಜೀವಮಾನವೆಲ್ಲ ಊರಿನವರ ಪುಸ್ತಕ ಹೊಲಿದವರು. ಎಲ್ಲವನ್ನೂ ಜೋಡಿಸಿ, ಹೊಲಿದು, ರಟ್ಟು ಹಾಕಿ, ಮೇಲೆ ಕೆಂಪು ಬಟ್ಟೆ ಅಂಟಿಸಿ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ನಮ್ಮ ಮನೆತನದ ಹೆಸರನ್ನೇ ಅಚ್ಚು ಹಾಕಿದರು. ಹಾಳೆಗಳ ಅಂಚು ಏರುಪೇರಾಗಿತ್ತು. ಕತ್ತರಿಸುವ ಮಷಿನ್ನಿಗೆ ಕೊಟ್ಟು ಮೂರು ಬದಿಯೂ ಸಮ ಮಾಡಿದರು. ಆ ಬುದ್ಧಿ ಯಾಕೆ ಬಂತೋ, ಇರಲಿ. ಮನೆಗೆ ಬಂದವರಿಗೆಲ್ಲ ಆ ಪುಸ್ತಕ ತೋರಿಸಿದ್ದೇ ತೋರಿಸಿದ್ದು. ‘ಇನ್ನು ಒಂದು ಹಾಳೆಯೂ ಕಳೆದು ಹೋಗಲ್ಲ’ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಹಾಳೆ ಕಳೆದು ಹೋಗಲಿಲ್ಲ ನಿಜ, ಆದರೆ ನಿನ್ನ ಪ್ರಮಾಣಪತ್ರ ಮಿಕ್ಕವುಗಳಿಗಿಂತ ಒಂದು ಬೆರಳು ಉದ್ದವಿತ್ತು. ಆ ಒಂದು ಬೆರಳಿನಲ್ಲೇ ನಂಬರು ಇತ್ತು. ಕಳೆದ ತಿಂಗಳು ನೀನು ಕೇಳಿದಾಗ ಬಿಚ್ಚಿ ನೋಡಿದರೆ ತಲೆಯೇ ಇಲ್ಲ. ನಂಬರಿಲ್ಲದ ಪತ್ರ ಚಲಾವಣೆಯಾಗುವುದಿಲ್ಲ ಎಂದು ನಿನ್ನ ತರಬೇತಿಯ ಕಚೇರಿಯವರು ಹೇಳಿದರು, ನೀನು ಫೋನಿನಲ್ಲಿ ಅಪ್ಪನಿಗೆ ಅಂದೆಯಲ್ಲ, ‘ನಿಮ್ಮ ಕೈಗೆ ಕಾಗದ ಕೊಟ್ಟಿದ್ದೇ ತಪ್ಪಾಯ್ತು ಅಪ್ಪಾ’ ಎಂದು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಕೇಳಿಸಿತು. ನಿನ್ನನ್ನು ದೂರುತ್ತಿಲ್ಲ ಮಗಳೇ. ಎರಡು ವರ್ಷ ಓದಿ, ಕಣ್ಣಿನ ಪರೀಕ್ಷೆ ಕಿವಿಯ ಪರೀಕ್ಷೆ ಎಲ್ಲ ದಾಟಿದ ಮೇಲೆ ಒಂದು ತುಂಡು ಕಾಗದಕ್ಕೆ ಸಿಕ್ಕಿಕೊಂಡರೆ ಯಾರಿಗಾದರೂ ಬಾಯಿ ತಪ್ಪುತ್ತದೆ.

ಮಾರನೆಯ ದಿನವೇ ಬಸ್ಸು ಹತ್ತಿ ನಿನ್ನ ಅಜ್ಜಿಯ ಊರಿಗೆ ಹೋದೆವು. ನೀನು ಹುಟ್ಟಿದ್ದು ಅಲ್ಲಿ, ನಿನ್ನ ಹೆಸರು ಬರೆಸಿದ್ದೂ ಅಲ್ಲೇ. ಕಚೇರಿಯಲ್ಲಿ ಒಬ್ಬರು ಗುಮಾಸ್ತೆ, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡವರು, ಒಳ್ಳೆಯವರೇ, ಆದರೆ ಸುಸ್ತಾಗಿದ್ದರು. ‘ನಂಬರ್ ಹೇಳಿ, ಇಲ್ಲ ಬರೆಸಿದ ತಾರೀಖು ಹೇಳಿ’ ಅಂದರು. ಪತ್ರದಲ್ಲಿ ಹುಟ್ಟಿದ ತಾರೀಖು ಮಾತ್ರ ಇತ್ತು. ನೀನು ಹುಟ್ಟಿದ ತಿಂಗಳಲ್ಲಂತೂ ಬರೆಸಿರಲಿಲ್ಲ. ನಾಳೆ ನಾಳೆ ಎನ್ನುತ್ತಾ ನಿಮ್ಮಪ್ಪ ಯಾವತ್ತು ಹೋದರೋ ಅವರಿಗೇ ನೆನಪಿಲ್ಲ, ಆ ಗುಣ ನಿನಗೆ ಎಲ್ಲಿಂದ ಬಂತು ಎಂದು ಈಗ ತಿಳಿಯಿತಲ್ಲ. ‘ಹಾಗಾದ್ರೆ ಒಂಬತ್ತು ರಿಜಿಸ್ಟರ್ ಹುಡುಕಬೇಕಮ್ಮ. ನಾನೊಬ್ಬಳೇ ಇರೋದು. ಮೂರು ತಿಂಗಳಾದ್ರೂ ಬೇಕು’ ಎಂದು ಅರ್ಜಿ ತೆಗೆದುಕೊಂಡರು.

ಸಾಲದ್ದಕ್ಕೆ ಮುಂದಿನ ವಾರ ಬೀದಿಯ ದೊಡ್ಡ ನೀರಿನ ಪೈಪು ಒಡೆಯಿತು. ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತಿದ್ದೆವು, ನೋಡುತ್ತಿದ್ದಂತೆ ಮುಂದಿನ ಅಂಗಡಿ ಕೋಣೆಯಲ್ಲಿ ಮೊಣಕಾಲುದ್ದ ನೀರು. ರಟ್ಟಿನ ಕಟ್ಟುಗಳು ತೇಲುತ್ತಿದ್ದವು. ಭಾರದ ಪುಸ್ತಕಗಳನ್ನೆಲ್ಲ ಕೆಳಗಿನ ಹಲಗೆಯ ಮೇಲೆ ಇಡುವ ಅಭ್ಯಾಸ ಅವರದು, ನಮ್ಮ ಕೆಂಪು ಪುಸ್ತಕವೂ ಅಲ್ಲೇ ಇತ್ತು. ಪೈಪು ಮುಚ್ಚುವ ಹೊತ್ತಿಗೆ ಅದು ಎರಡು ಗಂಟೆ ನೀರು ಕುಡಿದಿತ್ತು. ತೆಗೆದು ನೋಡಿದರೆ ನಿನ್ನ ಪತ್ರದಲ್ಲಿ ಇದ್ದಬದ್ದ ಶಾಯಿಯೂ ಹರಡಿ ನೀಲಿ ಮೋಡದಂತಾಗಿತ್ತು. ನಿಮ್ಮಪ್ಪ ಒದ್ದೆ ಸ್ಟೂಲಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. ನಿನ್ನ ಜಾಗ ಹೋಯಿತು ಎಂದೇ ಆ ದಿನ ನಾನು ನಿಶ್ಚಯ ಮಾಡಿಕೊಂಡಿದ್ದೆ, ಈಗ ಹೇಳಬಹುದು.

ಎದುರು ಮನೆಯ ಟೈಲರಮ್ಮ ಉಪಕಾರ ಮಾಡಲೆಂದು ಇಸ್ತ್ರಿಪೆಟ್ಟಿಗೆ ಹಿಡಿದು ಓಡಿಬಂದಳು. ಒದ್ದೆ ಹಾಳೆಗೆ ಇಸ್ತ್ರಿ ಹಾಕಿದರೆ ಒಂದೇ ನಿಮಿಷದಲ್ಲಿ ಒಣಗುತ್ತದೆ ಎಂದು ಅವಳೂ ಅಂದುಕೊಂಡಳು, ನಾನೂ ಅಂದುಕೊಂಡೆ. ಮನೆಪತ್ರದ ಮೇಲೆ ಇಡಬೇಕು, ಅಷ್ಟರಲ್ಲಿ ನಿಮ್ಮಪ್ಪ ‘ಮುಟ್ಟಬೇಡಿ’ ಎಂದು ಕೂಗಿದರು. ವಾರದಿಂದ ಅವರ ಬಾಯಿಂದ ಬಂದ ಮೊದಲ ದೊಡ್ಡ ಮಾತು ಅದು. ಪ್ಲಾಸ್ಟಿಕ್ ಹಾಳೆಯಿದ್ದದ್ದು ಕರಗುತ್ತದಂತೆ, ಫೋಟೋ ಇದ್ದದ್ದು ಅಂಟಿಕೊಳ್ಳುತ್ತದಂತೆ. ಆಮೇಲೆ ಅವರೇ ಎದ್ದರು. ಹೊಲಿಗೆ ಬಿಚ್ಚಿ, ಒಂದೊಂದೇ ಹಾಳೆಯನ್ನು ಎರಡು ಅಂಗೈಯ ಮೇಲೆ ಎತ್ತಿ, ಅಚ್ಚಾಗದ ನ್ಯೂಸ್‌ಪ್ರಿಂಟಿನ ನಡುವೆ ಇಟ್ಟರು. ಗಂಟೆಗೊಮ್ಮೆ ಕಾಗದ ಬದಲಿಸುವುದು ನನ್ನ ಕೆಲಸ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಎರಡು ದಿನ ಅಡುಗೆಮನೆಯಲ್ಲಿ ನಿಂತೇ ಊಟ ಮಾಡಿದೆವು. ಮನೆಪತ್ರ ಓದುವಷ್ಟು ಉಳಿಯಿತು. ಮದುವೆಯ ಪತ್ರದ ಫೋಟೋದಲ್ಲಿ ನಾನು ಹಾಗೇ ಇದ್ದೇನೆ, ನಿಮ್ಮಪ್ಪನ ಮೀಸೆ ಮಾತ್ರ ನೀರಿನಲ್ಲಿ ಹೋಯಿತು.

ಇನ್ನು ಕೇಳು. ಮೂರನೆಯ ದಿನ ಖಾಲಿ ರಟ್ಟನ್ನು ಬಿಸಾಡಲು ಎತ್ತಿಕೊಂಡೆ. ಬೆನ್ನಿನ ಬಟ್ಟೆ ಸಡಿಲವಾಗಿ ಜೋತಾಡುತ್ತಿತ್ತು, ಅದರೊಳಗೆ ಉದ್ದುದ್ದ ಕಾಗದದ ಪಟ್ಟಿಗಳು ಒಂದರ ಮೇಲೊಂದು ಕಾಣಿಸಿದವು. ನಿಮ್ಮಪ್ಪ ಒಂದು ಚೂರು ಕಾಗದವನ್ನೂ ಎಸೆಯುವವರಲ್ಲ, ನಿನಗೇ ಗೊತ್ತು. ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಕತ್ತರಿಸಿದ ಅಂಚುಗಳನ್ನೇ ಒಳಗೆ ಅಂಟಿಸುತ್ತಾರೆ. ‘ರೀ, ಇದನ್ನು ಮಾಡುವಾಗ ಬೆನ್ನಿಗೆ ಏನು ಹಾಕಿದ್ರಿ?’ ಎಂದು ಕೇಳಿದೆ. ‘ಅವೇ ಕಾಗದದ ಅಂಚು. ಒಳ್ಳೆ ದಪ್ಪ ಕಾಗದ, ಯಾಕೆ ಹಾಳು ಮಾಡೋದು ಅಂತ…’ ಎಂದವರು ಅಲ್ಲಿಗೇ ನಿಂತರು.

ಆ ಪುಸ್ತಕ ಮಾಡಿದ ವಾರ ಅಂಗಡಿಯ ಬಿಳಿ ಗಮ್ಮು ಮುಗಿದಿತ್ತು, ನಾನೇ ಒಲೆಯ ಮೇಲೆ ಮೈದಾ ಅಂಟು ಕಾಸಿಕೊಟ್ಟಿದ್ದೆ. ಬಿಳಿ ಗಮ್ಮಾಗಿದ್ದರೆ ಆ ಪಟ್ಟಿಗಳು ಹರಿಯದೆ ಬಿಡುತ್ತಿರಲಿಲ್ಲವಂತೆ. ಮೈದಾ ಅಂಟು ನೀರಿಗೆ ಸಡಿಲವಾಗಿತ್ತು. ಮರದ ಚಪ್ಪಟೆ ಕಡ್ಡಿಯಿಂದ ಅವರು ಒಂದೊಂದೇ ಪಟ್ಟಿ ಬಿಡಿಸಿದರು. ಮೊದಲನೆಯದು ಖಾಲಿ, ಎರಡನೆಯದು ಖಾಲಿ, ಮೂರನೆಯದು ಮನೆಪತ್ರದ ಗೆರೆ. ನಾಲ್ಕನೆಯದರ ತುದಿಯಲ್ಲಿ ಕಪ್ಪು ಶಾಯಿಯ ಐದು ಅಂಕಿ. ಮಷಿನ್ನಿನಲ್ಲಿ ಒತ್ತಿದ ಶಾಯಿ, ಹರಡಿರಲಿಲ್ಲ. ಅವರು ಪಟ್ಟಿಯನ್ನು ನನ್ನ ಮುಂದೆ ಹಿಡಿದು ‘ನೀನೇ ಓದು’ ಅಂದರು. ನಾನು ಓದಿದೆ. ಹೋದ ಜೀವ ಬಂದ ಹಾಗಾಯಿತು ಗುಬ್ಬಿ. ಟೈಲರಮ್ಮನನ್ನು ತಬ್ಬಿಕೊಂಡು ಅತ್ತೆ, ಅವಳಿಗೆ ಏನೂ ಅರ್ಥವಾಗದಿದ್ದರೂ ಅವಳೂ ಅತ್ತಳು.

ಮೊನ್ನೆ ಸೋಮವಾರ ಮತ್ತೆ ಹೋದೆವು. ಗುಮಾಸ್ತೆ ಪಟ್ಟಿಯನ್ನು ಬೆಳಕಿಗೆ ಹಿಡಿದು, ‘ಕೊನೇದು ಮೂರೋ ಎಂಟೋ ಗೊತ್ತಾಗ್ತಿಲ್ಲ’ ಅಂದರು. ಮೂರರಲ್ಲಿ ನೋಡಿದರೆ ಯಾರದೋ ಗಂಡುಮಗು. ಎಂಟರಲ್ಲಿ ನೀನಿದ್ದೆ. ಅಪ್ಪನ ಹೆಸರು, ನನ್ನ ಹೆಸರು, ಹುಟ್ಟಿದ ಹೊತ್ತು, ಎಲ್ಲ ಸರಿಯಾಗಿ. ಬರೆಸಿದ್ದು ನೀನು ಹುಟ್ಟಿ ಐದು ತಿಂಗಳಾದ ಮೇಲೆ. ಕಾಲು ಗಂಟೆಯೂ ಹಿಡಿಯಲಿಲ್ಲ, ಮೂರು ಪ್ರತಿ ಮಾಡಿ ಮೊಹರು ಒತ್ತಿಕೊಟ್ಟರು. ಆ ರಿಜಿಸ್ಟರಿನ ಬೆನ್ನು ಕಿತ್ತುಬಂದು ಹಾಳೆಗಳು ಉದುರುವಂತಿದ್ದವು. ಬೇರೆ ದಿನವಾಗಿದ್ದರೆ ನಿಮ್ಮಪ್ಪ ಕೇಳದೆಯೇ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಿದ್ದರು. ಅವತ್ತು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಇನ್ನು ಮುಂದಿನ ಏರ್ಪಾಡು ಹೇಳಿಬಿಡುತ್ತೇನೆ, ನಗಬೇಡ. ಒಂದು ಪ್ರತಿ ನಿನಗೆ, ಒಂದು ನಿನ್ನ ಚಿಕ್ಕಮ್ಮನ ಮನೆಯ ಬೀರುವಿನಲ್ಲಿ, ಅವಳ ಮನೆ ಮೂರನೇ ಮಹಡಿಯಲ್ಲಿದೆ, ಅಲ್ಲಿಗೆ ಯಾವ ಪೈಪಿನ ನೀರೂ ಹತ್ತಲಾರದು. ಮೂರನೆಯದು ಇಲ್ಲೇ ಮನೆಯಲ್ಲಿ. ಎಲ್ಲ ಕಾಗದಗಳ ಫೋಟೋ ತೆಗೆಸಿ ನಿನ್ನ ಫೋನಿಗೆ ಕಳಿಸಿದ್ದೇನೆ, ಅಳಿಸಿ ಹಾಕಬೇಡ. ಮನೆಪತ್ರದ ದೃಢೀಕೃತ ನಕಲಿಗೂ ಅರ್ಜಿ ಕೊಟ್ಟಿದ್ದೇವೆ. ಎಲ್ಲ ನಂಬರುಗಳನ್ನೂ ನಾನು ಬೇರೆ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಮೂರು ಯಾವುದು ಎಂಟು ಯಾವುದು ಎಂದು ತಿಳಿಯುವ ಹಾಗೆ. ಮನೆಯಲ್ಲಿರುವವಕ್ಕೆ ನಿಮ್ಮಪ್ಪ ರಟ್ಟಿನ ಪೆಟ್ಟಿಗೆ ಮಾಡಿದ್ದಾರೆ. ಸೂಜಿಯಿಲ್ಲ, ದಾರವಿಲ್ಲ, ಕತ್ತರಿಸಿದ್ದಿಲ್ಲ. ಹಾಳೆಗಳು ಒಂದೊಂದು ಕವರಿನೊಳಗೆ ಬಿಡಿಬಿಡಿಯಾಗಿ ಮಲಗಿವೆ. ಪೆಟ್ಟಿಗೆ ಬೀರುವಿನ ಮೇಲಿನ ತಟ್ಟೆಗೆ ಹೋಗಿದೆ, ನನಗೆ ಸ್ಟೂಲಿಲ್ಲದೆ ಎಟುಕುವುದಿಲ್ಲ.

ನೀನು ಮೊದಲ ಸಲ ರೈಲು ಓಡಿಸುವ ದಿನ ಯಾವ ಗಾಡಿ, ಎಷ್ಟು ಹೊತ್ತಿಗೆ ಎಂದು ಮೊದಲೇ ತಿಳಿಸು. ಟಿಕೆಟ್ ತೆಗೆದುಕೊಂಡೇ ಹತ್ತುತ್ತೇವೆ. ಹೊತ್ತಿಗೆ ಸರಿಯಾಗಿ ಉಣ್ಣು, ಮೊಣಕಾಲು ನೋಡಿಕೋ, ಹಸಿರು ದೀಪ ಕಂಡ ಮೇಲೇ ಹೊರಡು. ನಿನಗೆ ಎಲ್ಲ ಒಳ್ಳೆಯದಾಗಲಿ ಕಂದ, ನಮ್ಮಿಬ್ಬರ ಆಶೀರ್ವಾದ ಯಾವಾಗಲೂ ನಿನ್ನ ಮೇಲಿದೆ.

ಇಂತು ನಿನ್ನ
ಅಮ್ಮ

ಮರೆತಿದ್ದು: ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಕವರು ಇನ್ನೂ ಅಂಟಿಸಿಲ್ಲ, ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದಾರೆ. ಮರೆತಿದ್ದು ಎಂದು ಬರೆದದ್ದೂ ಸುಳ್ಳು, ಮನೆಯಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಅಂಚು ಕತ್ತರಿಸುವ ಬುದ್ಧಿ ಯಾಕೆ ಬಂತೋ ಎಂದು ಮೇಲೆ ಬರೆದಿದ್ದೇನಲ್ಲ, ಯಾಕೆ ಬಂತೆಂದು ನನಗೆ ಗೊತ್ತು. ಕತ್ತರಿಸಿ ಅಂದವಳು ನಾನು. ಅವರು ಮಷಿನ್ನಿನ ಮುಂದೆ ನಿಂತು ‘ಮೇಲೆ ನಂಬರ್ ಇದೆಯಲ್ಲೇ’ ಎಂದು ಕೇಳಿದ್ದರು. ‘ಹೆಸರಿದೆ, ಹುಟ್ಟಿದ ತಾರೀಖಿದೆ, ನಂಬರ್ ಯಾರಿಗೆ ಬೇಕು, ನೋಡೋಕೆ ಚೆನ್ನಾಗಿರಲಿ’ ಅಂದೆ. ನೀನು ಬೈದ ದಿನ ನಾನು ಪಕ್ಕದಲ್ಲೇ ನಿಂತು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅವರು ನನ್ನ ಹೆಸರು ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ಅವತ್ತಿನಿಂದ ಅವರು ಕತ್ತರಿಸುವ ಮಷಿನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಾರೆ. ಸೋಮವಾರ ಆ ಗುಮಾಸ್ತೆ ‘ಈ ರಿಜಿಸ್ಟರ್ ಸರಿ ಮಾಡಿಕೊಡ್ತೀರಾ’ ಎಂದು ಕೇಳಿದರೆ ‘ಆ ಕೆಲಸ ಬಿಟ್ಟಿದ್ದೀನಿ’ ಅಂದರು. ಹೊಸ ಪೆಟ್ಟಿಗೆಯಲ್ಲಿ ನಿನ್ನ ಕವರಿನ ಮೇಲೆ ನಿನ್ನ ಹೆಸರು ಅಚ್ಚು ಹಾಕಲು ಜಾಗ ಬಿಟ್ಟಿದ್ದಾರೆ, ಹಾಕಿಲ್ಲ. ನಿನ್ನನ್ನು ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ‘ನನ್ನ ಹೆಸರು ನೀವೇ ಹಾಕಿ ಅಪ್ಪಾ’ ಎಂದು ಅವರ ಹೆಸರಿಗೆ ಒಂದು ಸಾಲು ಬರಿ. ನನ್ನನ್ನು ಬೈಯುವುದಿದ್ದರೆ ಬೇರೆ ಕಾಗದದಲ್ಲಿ ಬೈ, ಎಷ್ಟು ಪುಟವಾದರೂ ಓದುತ್ತೇನೆ. ಕೌಂಟರಿನವರು ಕರೆಯುತ್ತಿದ್ದಾರೆ.